ಕೃತ್ತಿಕೆಯ ಗೊಂಚಲು ಎಂದಾದರೂ ಚದುರುತ್ತದೆಯೇ?

ಪ್ರಶ್ನೆ: ಡಿಸೆಂಬರಿನಲ್ಲಿ ಮುಳಶಿ ಕಡೆ ಹೋದಾಗ ಬೈನಾಕ್ಯುಲರಿನಲ್ಲಿ ಕೃತ್ತಿಕೆ ನೋಡಿದೆವು. ಗುರುತ್ವವೇ ಈ ನಕ್ಷತ್ರಗಳನ್ನು ಹಿಡಿದಿಟ್ಟಿದೆ ಅನ್ನುತ್ತಾರೆ. ಹಾಗಿದ್ದ ಮೇಲೆ ಇವು ಚದುರುವುದಾದರೂ ಹೇಗೆ? (ಕೋಥರೂಡ, ಪುಣೆಯಿಂದ ಓದುಗರು)

ಉತ್ತರ: ಚದುರುತ್ತವೆ, ಅದೂ ಬಹುಮಟ್ಟಿಗೆ ಅದೇ ಗುರುತ್ವದಿಂದ.

ಕೃತ್ತಿಕೆ ಇರುವುದು ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ. ವಯಸ್ಸು 10 ಕೋಟಿ ವರ್ಷಕ್ಕೆ ತುಸು ಮೇಲೆ. ಬರಿಗಣ್ಣಿಗೆ ಆರೇಳು ಚುಕ್ಕೆ ಕಂಡರೂ ಒಳಗಿರುವವು ಸಾವಿರಕ್ಕೂ ಹೆಚ್ಚು. ಬಹುಪಾಲು ಸೂರ್ಯನಿಗಿಂತ ಸಣ್ಣವು. ಎಲ್ಲವೂ ಒಂದನ್ನೊಂದು ಸೆಳೆಯುತ್ತ ಗುಚ್ಛದೊಳಗೇ ಓಡಾಡುತ್ತಿರುತ್ತವೆ. ಎರಡು ನಕ್ಷತ್ರಗಳು ಹತ್ತಿರದಲ್ಲಿ ಹಾದುಹೋದರೆ ಡಿಕ್ಕಿಯಾಗುವುದಿಲ್ಲ, ಚಲನಶಕ್ತಿಯ ಕೊಡುಕೊಳ್ಳುವಿಕೆ ನಡೆಯುತ್ತದೆ. ಇಂಥ ಅಸಂಖ್ಯ ಭೇಟಿಗಳ ನಂತರ ಭಾರದವು ಶಕ್ತಿ ಬಿಟ್ಟುಕೊಟ್ಟು ನಡುವಿಗೆ ಇಳಿಯುತ್ತವೆ, ಹಗುರದವು ಅದನ್ನು ಪಡೆದು ಅಂಚಿಗೆ ಸರಿಯುತ್ತವೆ. ಕೃತ್ತಿಕೆಯಿಂದ ಪಾರಾಗಲು ಸೆಕೆಂಡಿಗೆ ಒಂದೆರಡು ಕಿಲೋಮೀಟರ್ ವೇಗ ಸಾಕು. ಭೂಮಿಯಿಂದ ಪಾರಾಗಲು 11.2 ಬೇಕೆಂಬುದನ್ನು ನೆನೆದರೆ ಆ ಹಿಡಿತ ಎಷ್ಟು ಸಡಿಲವೆಂದು ತಿಳಿಯುತ್ತದೆ. ಒಂದೊಂದು ನಕ್ಷತ್ರ ಹೋದಂತೆ ಉಳಿದವುಗಳ ಹಿಡಿತ ಇನ್ನಷ್ಟು ಸಡಿಲ.

ಅಂಚಿಗೆ ಬಂದದ್ದನ್ನು ಆಕಾಶಗಂಗೆ ಸುಮ್ಮನೆ ಬಿಡುವುದಿಲ್ಲ. ಆಕಾಶಗಂಗೆಯ ಕೇಂದ್ರದ ಕಡೆಯ ಅಂಚಿನಿಂದ ಜಾರಿದ ನಕ್ಷತ್ರ ಗುಚ್ಛಕ್ಕಿಂತ ಮುಂದೆ ಓಡುತ್ತದೆ, ಹೊರಗಿನ ಅಂಚಿನಿಂದ ಜಾರಿದ್ದು ಹಿಂದೆ ಬೀಳುತ್ತದೆ. ಹೀಗೆ ಎರಡು ಬಾಲಗಳು ಬೆಳೆಯುತ್ತವೆ. ರೋಹಿಣಿಯ ಸುತ್ತ ಕಾಣುವ ಹಯಾಡಿಸ್ ಗುಚ್ಛಕ್ಕೆ ಇಂಥ ಬಾಲಗಳಿರುವುದನ್ನು 2019ರಲ್ಲಿ ಗಾಯಾ ಉಪಗ್ರಹದ ಅಳತೆಗಳು ತೋರಿಸಿಕೊಟ್ಟವು. (ರೋಹಿಣಿ ಆ ಗುಚ್ಛದ್ದಲ್ಲ; ಅರ್ಧಕ್ಕಿಂತ ಕಡಿಮೆ ದೂರದಲ್ಲಿ, ಅದೇ ದಿಕ್ಕಿನಲ್ಲಿದೆ ಅಷ್ಟೆ.) ದಾರಿಯಲ್ಲಿ ಲಕ್ಷಾಂತರ ಸೂರ್ಯರ ತೂಕದ ಅನಿಲಮೋಡವೊಂದು ಎದುರಾದರಂತೂ ಗುಚ್ಛ ಬೇಗನೆ ಹರಿದುಹೋಗುತ್ತದೆ.

ನಿಜ ಹೇಳಬೇಕೆಂದರೆ, ಹೆಚ್ಚಿನ ಗುಚ್ಛಗಳು ಇಷ್ಟು ದಿನ ಬಾಳುವುದೇ ಇಲ್ಲ. ಹುಟ್ಟುವಾಗ ಅನಿಲದಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲೂ ನಕ್ಷತ್ರಗಳಾಗುವುದಿಲ್ಲ. ಉಳಿದದ್ದನ್ನು ದೈತ್ಯ ನಕ್ಷತ್ರಗಳ ವಿಕಿರಣ ಮತ್ತು ಮಾರುತ (ಅವುಗಳಿಂದ ಹೊಮ್ಮುವ ಕಣಗಳ ಹರಿವು) ಹೊರದಬ್ಬುತ್ತವೆ. ತೂಕ ಹೋಯಿತು, ವೇಗ ಹಾಗೇ ಉಳಿಯಿತು. ಸುಮಾರು ಒಂದು ಕೋಟಿ ವರ್ಷದೊಳಗೆ ಬಹುಪಾಲು ಚದುರಿರುತ್ತವೆ. ಕೃತ್ತಿಕೆ ಈ ಗಂಡಾಂತರ ದಾಟಿದೆ. ಇನ್ನೂ ಸುಮಾರು 25 ಕೋಟಿ ವರ್ಷ ಉಳಿಯಬಹುದೆಂಬ ಲೆಕ್ಕವಿದೆ.

ಚದುರಿದ ಗುಚ್ಛವನ್ನೇ ನೋಡಬೇಕೇ? ಪುಣೆ, ಮುಂಬೈ ಬೆಳಕಿನಲ್ಲೂ ಅದು ಕಾಣುತ್ತದೆ. ಮೇ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖಮಾಡಿ ಸಪ್ತರ್ಷಿಗಳನ್ನು ನೋಡಿ. ಎರಡು ತುದಿಗಳ ಕ್ರತು, ಮರೀಚಿಯನ್ನು ಬಿಡಿ. ನಡುವಿನ ಐದೂ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ ಇಂದಿಗೂ ಒಂದೇ ದಿಕ್ಕಿಗೆ ಸಾಗುತ್ತಿವೆ.