‘ಗ್ರೌಂಡ್’ ಅಂದರೆ ಯಾವ ಗ್ರೌಂಡ್?

ಮನೆಯಲ್ಲೇ ಕಟ್ಟಿದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಗುಂಯ್ ಅಂದರೆ ಸಾಕು, ‘ಚೆನ್ನಾಗಿ ಗ್ರೌಂಡ್ ಮಾಡಿ’ ಎಂಬ ಸಲಹೆ ಸಿದ್ಧ. ಕೇಳಿದವರು ಸರ್ಕ್ಯೂಟಿನ ನಾಲ್ಕಾರು ಕಡೆಯಿಂದ ಪೆಟ್ಟಿಗೆಗೆ ವೈರು ಎಳೆಯುತ್ತಾರೆ, ಸದ್ದು ಇನ್ನಷ್ಟು ಜೋರಾಗುತ್ತದೆ. ಆಗಲೇಬೇಕು. ಯಾವ ಗ್ರೌಂಡ್ ಎಂದು ಸಲಹೆ ಕೊಟ್ಟವರೂ ಹೇಳಲಿಲ್ಲ, ಪಡೆದವರೂ ಕೇಳಲಿಲ್ಲ.

ಮೊದಲು ಈ ಪದಕ್ಕೆ ನೆಲ ಎಂದೇ ಅರ್ಥವಿತ್ತು. ಟೆಲಿಗ್ರಾಫಿಗೆ ಕರೆಂಟ್ ಹೋಗಲೊಂದು ತಂತಿ, ಮರಳಿ ಬರಲೊಂದು ತಂತಿ ಬೇಕಿತ್ತು. 1838ರಲ್ಲಿ ಜರ್ಮನಿಯ ಕಾರ್ಲ್ ಆಗಸ್ಟ್ ಫಾನ್ ಸ್ಟೈನ್‌ಹೈಲ್ ಎರಡನೆಯ ತಂತಿಯ ಕೆಲಸವನ್ನು ನೆಲವೇ ಮಾಡಬಲ್ಲದು ಎಂದು ತೋರಿಸಿದ. ಬ್ರಿಟಿಷರು ಅದನ್ನು ‘ಅರ್ತ್’ ಎಂದರು, ಅಮೆರಿಕದವರು ‘ಗ್ರೌಂಡ್’ ಎಂದರು. ಆಮೇಲೆ ರೇಡಿಯೋಗಳಲ್ಲಿ ಭಾಗಗಳನ್ನು ಕೂರಿಸುವ ಲೋಹದ ಚೌಕಟ್ಟೇ, ಅಂದರೆ ಚಾಸಿಯೇ, ಮರಳುವ ದಾರಿಯಾಯಿತು. ನೆಲ ಬಿಟ್ಟುಹೋಯಿತು, ಹೆಸರು ಅಂಟಿಕೊಂಡಿತು. 9 ವೋಲ್ಟ್ ಬ್ಯಾಟರಿಯ ಆಂಪ್ಲಿಫೈಯರಿಗೂ ಮಣ್ಣಿಗೂ ಯಾವ ನಂಟೂ ಇಲ್ಲ. ಆದರೂ ಅದರ ನಕ್ಷೆಯ ತುಂಬ ಗ್ರೌಂಡ್ ಚಿಹ್ನೆ!

ಹೀಗೆ ಒಂದು ಹೆಸರಿಗೆ ಮೂರು ವಾರಸುದಾರರು. ಮೇನ್ಸ್ ಪ್ಲಗ್ಗಿನ ಮೂರನೇ ಪಿನ್ ಅರ್ತ್: ಅದು ಜೀವ ಉಳಿಸಲು. ಲೋಹದ ಪೆಟ್ಟಿಗೆ ಚಾಸಿ: ಹೊರಗಿನ ವಿದ್ಯುತ್ ಸದ್ದಿಗೆ ಮರೆ. ಮೂರನೆಯದು ಸರ್ಕ್ಯೂಟಿನ ಸೊನ್ನೆ ವೋಲ್ಟ್ ಗೆರೆ. ಇದನ್ನು ‘ವಾಪಸು ದಾರಿ’ ಎಂದು ಕರೆದಿದ್ದರೆ ಅರ್ಧ ರಗಳೆ ತಪ್ಪುತ್ತಿತ್ತು, ಏಕೆಂದರೆ ದಾರಿ ಅಂದಮೇಲೆ ಅದರಲ್ಲಿ ಏನೋ ಓಡಾಡುತ್ತದೆ ಎಂಬುದಾದರೂ ನೆನಪಿರುತ್ತದೆ.

ಓಡಾಡುವುದೇ ತೊಂದರೆ. ಚಿಹ್ನೆ ಇರುವ ಜಾಗಗಳೆಲ್ಲ ಒಂದೇ ಸೊನ್ನೆಯಲ್ಲಿವೆ ಎಂದು ನಕ್ಷೆ ಹೇಳುತ್ತದೆ, ತಾಮ್ರ ಒಪ್ಪುವುದಿಲ್ಲ. 0.5 ಚದರ ಮಿಲಿಮೀಟರ್ ವೈರಿನ 10 ಸೆಂಟಿಮೀಟರಿಗೆ ಸುಮಾರು 3.4 ಮಿಲಿಓಮ್ ರೋಧವಿದೆ. ಮೇನ್ಸ್ ಸಪ್ಲೈಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಚಾರ್ಜ್ ಆಗುವಾಗಿನ 5 ಆಂಪಿಯರ್ ಹೊಡೆತ ಅದರಲ್ಲಿ ಹರಿದರೆ 17 ಮಿಲಿವೋಲ್ಟ್. ಇನ್‌ಪುಟ್ಟಿನ ಗ್ರೌಂಡ್ ವೈರೂ ಅದೇ ತುಂಡನ್ನು ಹಂಚಿಕೊಂಡಿದ್ದರೆ ಆ 17 ಮಿಲಿವೋಲ್ಟ್ ಸಂಗೀತದ ಜೊತೆ ಒಳಹೊಕ್ಕು, 30 ಪಟ್ಟು ಗೇನ್ ದಾಟಿ, ಅರ್ಧ ವೋಲ್ಟಾಗಿ ಸ್ಪೀಕರಿಗೆ ಬರುತ್ತದೆ. ‘ದೊಡ್ಡ ಕೆಪಾಸಿಟರ್ ಹಾಕಿ’ ಎನ್ನುವವರು ಗಮನಿಸಬೇಕು: ಕೆಪಾಸಿಟರ್ ಹಿಗ್ಗಿದಷ್ಟೂ ಈ ಹೊಡೆತ ಚೂಪಾಗುತ್ತದೆ, ವೈರು ತಪ್ಪಾಗಿದ್ದರೆ ಸದ್ದು ಹೆಚ್ಚೀತು.

ಏಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಜ್‌ನಿಂದ ಕೆಪಾಸಿಟರಿನ ನೆಗೆಟಿವ್‌ಗೆ ಗಿಡ್ಡ, ದಪ್ಪ ವೈರು ಕೊಡಿ. ನಡುವೆ ಬೇರೇನೂ ಸೇರಬಾರದು. ಆ ನೆಗೆಟಿವ್‌ನಿಂದ ಇನ್ನೊಂದು ತುಂಡು ವೈರು ಹೊರಡಿಸಿ, ಅದರ ತುದಿಯನ್ನೇ ನಕ್ಷತ್ರ ಬಿಂದು ಮಾಡಿ. ಸ್ಪೀಕರ್, ಔಟ್‌ಪುಟ್ ಹಂತ, ಇನ್‌ಪುಟ್ ಹಂತ ಮೂರೂ ಬೇರೆ ಬೇರೆ ವೈರಿನಲ್ಲಿ ಅಲ್ಲಿಗೆ ಬರಲಿ. ಇನ್‌ಪುಟ್ ಸಾಕೆಟ್ ಪೆಟ್ಟಿಗೆಗೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಹಾಕಿ.

ಕೇಬಲ್ ಕಿತ್ತು, ಇನ್‌ಪುಟ್ಟಿನ ಎರಡೂ ತುದಿ ಶಾರ್ಟ್ ಮಾಡಿ ಕೇಳಿ. ಸದ್ದು ಉಳಿದರೆ ದೋಷ ಒಳಗೆ, ಹೋದರೆ ಕೇಬಲ್ಲಿನ ಕಡೆ. ಮೇನ್ಸ್ 50 ಹರ್ಟ್ಸ್ ಇದ್ದಲ್ಲಿ, ಒರಟಾದ 100 ಹರ್ಟ್ಸ್ ಝೇಂಕಾರ ಸಾಮಾನ್ಯವಾಗಿ ಮೇಲೆ ಹೇಳಿದ ಹೊಡೆತ. ನುಣುಪಾದ 50 ಹರ್ಟ್ಸ್ ಗುಂಯ್ ಹೆಚ್ಚಾಗಿ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಅಥವಾ ಮರೆಯಿಲ್ಲದ ಇನ್‌ಪುಟ್ ವೈರು. ವಾಲ್ಯೂಮ್ ಕಂಟ್ರೋಲಿನ ಲೋಹದ ಮೈ ಮುಟ್ಟಿದರೆ ಸದ್ದು ಬದಲಾಗುತ್ತದೆಯೇ? ಹೌದಾದರೆ ಆ ಮೈಗೆ ಚಾಸಿಯ ಸಂಪರ್ಕವೇ ಇಲ್ಲ.

ಇನ್ನು ‘ಅರ್ತ್ ಪಿನ್ ಕಿತ್ತುಹಾಕಿ, ಸದ್ದು ಹೋಗುತ್ತದೆ’ ಎಂಬ ಮಹಾನುಭಾವರು. ಹೋಗಬಹುದು, ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಕೆಟ್ಟ ದಿನ ಪೆಟ್ಟಿಗೆ ಮುಟ್ಟಿದವರೂ ಹೋಗಬಹುದು. ಅರ್ತ್ ಇರುವ ಎರಡು ಉಪಕರಣ ಜೋಡಿಸಿದಾಗ ಅರ್ತ್ ವೈರುಗಳೂ ಕೇಬಲ್ಲೂ ಸೇರಿ ಆಗುವ ಸುತ್ತಿಗೆ, ಅಂದರೆ ಗ್ರೌಂಡ್ ಲೂಪ್‌ಗೆ ಮದ್ದು ಬೇರೆ: ಚಾಸಿ ನೇರವಾಗಿ ಅರ್ತ್‌ಗೇ ಇರಲಿ, ನಕ್ಷತ್ರ ಬಿಂದುವಿಗೂ ಚಾಸಿಗೂ ನಡುವೆ 10 ಓಮ್ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ ಎದುರುಬದುರು ಎರಡು ಡಯೋಡ್. ಫ್ಯೂಸ್ ಹಾರುವ ತನಕ ತಾಳಿಕೊಳ್ಳುವಷ್ಟು ದಪ್ಪ ಡಯೋಡ್‌ಗಳೇ ಬೇಕು.

ಸುಯ್ ಎಂಬ ಸದ್ದಿಗೆ ಗ್ರೌಂಡ್ ಕಾರಣವಲ್ಲ. ಅದು ಮೊದಲ ಟ್ರಾನ್ಸಿಸ್ಟರಿನದು, ಅದರ ಸುತ್ತಲಿನ ದೊಡ್ಡ ಬೆಲೆಯ ರೆಸಿಸ್ಟರುಗಳದು. ಮೋಟಾರು ದೋಣಿಯಂತೆ ಬುಡುಬುಡು ಅಂದರೆ ಮೊದಲ ಹಂತದ ಪಾಸಿಟಿವ್ ಸಪ್ಲೈಗೆ 100 ಓಮ್ ರೆಸಿಸ್ಟರ್, ಅಲ್ಲಿಂದ ಇನ್‌ಪುಟ್ ಹಂತದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ.