ಜೊತೆಯವರನ್ನು ಕೇಳುವಾಗ ಗುಣ ಬೇಡ, ನಡೆ ಕೇಳಿ

'ನನ್ನ ಲೀಡರ್‌ಶಿಪ್ ಬಗ್ಗೆ ನಿಮಗೇನನ್ನಿಸುತ್ತೆ?' ಎಂದು ಜೊತೆಯಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ಬರುವ ಉತ್ತರ ಕೇಳುವ ಮೊದಲೇ ಗೊತ್ತಿರುತ್ತದೆ. 'ಚೆನ್ನಾಗಿದೆ ಸರ್, ಎಲ್ಲರ ಜೊತೆ ಹೊಂದಿಕೊಂಡು ಹೋಗ್ತೀರಿ.' ಇನ್ನೂ ಒತ್ತಾಯ ಮಾಡಿದರೆ 'ಸ್ವಲ್ಪ ಟೆನ್ಷನ್ ಕಡಿಮೆ ಮಾಡ್ಕೊಳ್ಳಿ' ಎಂಬ ಸಲಹೆ ಸಿಗಬಹುದು. ಹಾಗೆ ಹೇಳಿದವರು ನಿಮ್ಮನ್ನು ವಂಚಿಸುತ್ತಿಲ್ಲ. ಪ್ರಶ್ನೆಯೇ ಅಂಥದ್ದು. ನಾಯಕತ್ವ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ನಡೆ. ಮೀಟಿಂಗ್‌ನಲ್ಲಿ ಯಾರ ಮಾತನ್ನು ಅರ್ಧಕ್ಕೆ ತಡೆದಿರಿ, ಕೆಲಸ ಹಂಚುವಾಗ ಯಾವತ್ತಿಗೆ ಬೇಕು ಎಂದು ಹೇಳಿದಿರೋ ಇಲ್ಲವೋ, ಮೇಲಿನವರು ಗದರಿದಾಗ ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡಿರೋ ಹುಡುಗರ ಮೇಲೆ ಹಾಕಿದಿರೋ. ಜೊತೆಯವರು ಸಾಕ್ಷಿ ಹೇಳಬಲ್ಲದ್ದು ಇಂಥವಕ್ಕೆ ಮಾತ್ರ.

ಇದು ಬರಿಯ ಅಭಿಪ್ರಾಯವಲ್ಲ. 1996ರಲ್ಲಿ ಸಂಶೋಧಕರಾದ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಅಲ್ಲಿಯವರೆಗಿನ ಫೀಡ್‌ಬ್ಯಾಕ್ ಅಧ್ಯಯನಗಳ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು, ನಿಜ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಸಿಕ್ಕ ಮೇಲೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದ ಮೇಲಿಂದ ಜಾರಿ 'ಹಾಗಾದರೆ ನಾನು ಎಂಥವನು?' ಎಂಬುದರ ಮೇಲೆ ಕೂತಷ್ಟೂ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ವಿವರಣೆ. 2000ದಲ್ಲಿ ಸ್ಕಲೆನ್, ಮೌಂಟ್ ಮತ್ತು ಗಾಫ್ ಇನ್ನೊಂದು ಅಹಿತಕರ ಸಂಗತಿ ತೋರಿಸಿದರು: ಮ್ಯಾನೇಜರುಗಳಿಗೆ ಬಿದ್ದ ಅಂಕಗಳ ಏರುಪೇರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅಂಕ ಹಾಕಿದವರ ಸ್ವಂತ ಅಳತೆಗೋಲಿನದು. ಎಲ್ಲರಿಗೂ ನಾಲ್ಕು ಹಾಕುವವರು ನಿಮಗೂ ನಾಲ್ಕು ಹಾಕುತ್ತಾರೆ. ಹಾಗಾಗಿ 'ಸಂವಹನ ಕೌಶಲ 5ಕ್ಕೆ 3.8' ಎಂಬ ವರದಿ ಹಿಡಿದು ಕೂತರೆ ನಿಮ್ಮ ಬಗ್ಗೆ ತಿಳಿಯುವುದು ಕಡಿಮೆ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಪೀಣ್ಯದ ಒಂದು ಸಿಎನ್‌ಸಿ ಶಾಪ್ (ಕಂಪ್ಯೂಟರ್ ನಿಯಂತ್ರಣದ ಮೆಷಿನ್‌ಗಳಲ್ಲಿ ಲೋಹದ ಬಿಡಿಭಾಗ ಮಾಡುವ ಕಾರ್ಖಾನೆ), ಅಲ್ಲಿ ಬೆಳಗ್ಗೆ 6ರಿಂದ 2ರವರೆಗಿನ ಫಸ್ಟ್ ಶಿಫ್ಟ್ ನೋಡಿಕೊಳ್ಳುವ ಒಬ್ಬ ಸೂಪರ್‌ವೈಸರ್ ಎಂದಿಟ್ಟುಕೊಳ್ಳಿ. ಸಾಫ್ಟ್‌ವೇರ್ ಕಂಪನಿಯ ಟೀಮ್ ಲೀಡ್, ಬ್ಯಾಂಕ್ ಶಾಖೆಯ ಮ್ಯಾನೇಜರ್, ಶಾಲೆಯ ಮುಖ್ಯೋಪಾಧ್ಯಾಯರು ಯಾರಾದರೂ ವಿಧಾನ ಇದೇ.

ಮೊದಲ ಕೆಲಸ ಯಾರನ್ನೂ ಕೇಳುವುದಲ್ಲ, ಸ್ವತಃ ಬರೆಯುವುದು. ಒಂದು ಹಾಳೆಯಲ್ಲಿ ನಿಮ್ಮ ಆರು ನಡೆಗಳು: ಮೂರು ಚೆನ್ನಾಗಿ ಮಾಡುತ್ತೇನೆ ಅನ್ನಿಸುವುದು, ಮೂರು ಎಡವುತ್ತೇನೆ ಅನ್ನಿಸುವುದು. ಪಕ್ಕದಲ್ಲೇ ಜೊತೆಯವರು ಏನು ಬರೆದಾರು ಎಂಬ ಊಹೆ. ತಾರೀಖು ಹಾಕಿ ಮಡಚಿಡಿ. ಈ ಹಾಳೆ ಇಲ್ಲದಿದ್ದರೆ ಆಮೇಲೆ ಬಂದ ಉತ್ತರ ಓದುವಾಗ 'ಇದು ನನಗೆ ಮೊದಲೇ ಗೊತ್ತಿತ್ತು' ಎಂದು ಮನಸ್ಸು ಸಲೀಸಾಗಿ ಜಾರಿಕೊಳ್ಳುತ್ತದೆ.

ಯಾರನ್ನು ಕೇಳಬೇಕು? ಆರರಿಂದ ಎಂಟು ಜನ ಸಾಕು. ಕಳೆದ ಆರು ತಿಂಗಳಲ್ಲಿ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡಿರಬೇಕು. ಕ್ಯಾಂಟೀನ್‌ನಲ್ಲಿ ಮಾತ್ರ ಕಂಡವರು ಬೇಡ. ನಮ್ಮ ಸೂಪರ್‌ವೈಸರ್‌ಗೆ ಸಮಾನರೆಂದರೆ ಸೆಕೆಂಡ್ ಶಿಫ್ಟ್‌ನ ಸೂಪರ್‌ವೈಸರ್, ಕ್ವಾಲಿಟಿಯವರು, ಮೇಂಟೆನೆನ್ಸ್, ಸ್ಟೋರ್ಸ್ ಇನ್‌ಚಾರ್ಜ್. ಇವರಲ್ಲಿ ಕನಿಷ್ಠ ಇಬ್ಬರು ಇತ್ತೀಚೆಗೆ ನಿಮ್ಮೊಡನೆ ತಿಕ್ಕಾಟವಾದವರಿರಲಿ. ಕೈಕೆಳಗಿನ ಆಪರೇಟರ್‌ಗಳನ್ನೂ ಕೇಳುವುದಾದರೆ ಅವರದು ಬೇರೆ ಗುಂಪು. ಒಂದು ಗುಂಪಿನಲ್ಲಿ ಮೂವರಿಗಿಂತ ಕಡಿಮೆ ಇದ್ದರೆ ಹೆಸರಿಲ್ಲದ ಉತ್ತರ ಎಂಬುದು ಬರೀ ಹೆಸರಿಗೆ; ಯಾರದೆಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ ನಾಲ್ಕಕ್ಕಿಂತ ಹೆಚ್ಚಾದರೆ ಕೊನೆಯವಕ್ಕೆ 'ಇಲ್ಲ', 'ಮೇಲಿನಂತೆ' ಎಂದು ಬರುತ್ತದೆ. ಹೀಗೆ ಕೇಳಬಹುದು: 'ಕಳೆದ ಮೂರು ತಿಂಗಳಲ್ಲಿ ನಾನು ಮಾಡಿದ ಯಾವ ಒಂದು ಕೆಲಸದಿಂದ ನಿಮ್ಮ ಕೆಲಸ ಸಲೀಸಾಯಿತು? ಎಲ್ಲಿ, ಯಾವಾಗ?' 'ನಾನು ಮಾಡಿದ ಅಥವಾ ಮಾಡದೆ ಬಿಟ್ಟ ಯಾವುದರಿಂದ ನಿಮಗೆ ಕೆಲಸ ಜಾಸ್ತಿಯಾಯಿತು?' 'ಮುಂದಿನ ತಿಂಗಳು ನಾನು ಒಂದೇ ಒಂದನ್ನು ಬೇರೆ ಥರ ಮಾಡುವುದಾದರೆ ಅದು ಯಾವುದಾಗಬೇಕು?' ಎರಡನೆಯ ಪ್ರಶ್ನೆಯ ಒಕ್ಕಣೆ ನೋಡಿ. 'ನನ್ನ ದೌರ್ಬಲ್ಯವೇನು' ಎಂದು ಕೇಳಿದರೆ ಎದುರಿನವರು ನಿಮ್ಮನ್ನು ತೆಗಳಬೇಕಾಗುತ್ತದೆ. ತಮಗಾದ ತೊಂದರೆ ಹೇಳಿಕೊಳ್ಳಲು ಅಷ್ಟು ಮುಜುಗರವಿಲ್ಲ. 'ಪ್ರಾಮಾಣಿಕವಾಗಿ ಹೇಳಿ, ಏನೂ ಬೇಜಾರಿಲ್ಲ' ಎಂಬ ಪೀಠಿಕೆಯೂ ಬೇಡ. ಬೇಜಾರಾಗುವ ಸಂಗತಿ ಇದೆ ಎಂದು ನೀವೇ ಸೂಚನೆ ಕೊಟ್ಟಂತೆ.

ಗೂಗಲ್ ಫಾರ್ಮ್ ಮಾಡುವವರು ಮೂರು ಕಡೆ ಎಡವುತ್ತಾರೆ. ಇಮೇಲ್ ವಿಳಾಸ ಸಂಗ್ರಹಿಸುವ ಸೆಟ್ಟಿಂಗ್ ಆನ್ ಆಗಿಯೇ ಉಳಿದಿರುತ್ತದೆ. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿದರೆ ಲಾಗಿನ್ ಕೇಳುತ್ತದೆ. ವಿಳಾಸ ನಿಮಗೆ ಕಾಣದಿದ್ದರೂ ಲಾಗಿನ್ ಪುಟ ಕಂಡ ಕೂಡಲೇ ಜನ ಹುಷಾರಾಗಿಬಿಡುತ್ತಾರೆ. ಮೂರನೆಯದು, ಉತ್ತರಗಳ ಶೀಟ್‌ನಲ್ಲಿ ಸಮಯ ಬಿದ್ದಿರುತ್ತದೆ: ಮಧ್ಯಾಹ್ನ 3.10ಕ್ಕೆ ಬಿಡುವಾಗಿದ್ದವರು ಯಾರು ಎಂದು ಎಂಟು ಜನರ ತಂಡದಲ್ಲಿ ಎಲ್ಲರಿಗೂ ಗೊತ್ತು. ಇದರ ಮೇಲೆ ಭಾಷೆ. ಎಲ್ಲರೂ ಇಂಗ್ಲಿಷಿನಲ್ಲಿ ಬರೆದು ಒಬ್ಬರು ಕನ್ನಡದಲ್ಲಿ ಬರೆದರೆ ಹೆಸರು ಬರೆದಂತೆಯೇ. ಈ ಎಲ್ಲಕ್ಕೂ ಒಂದೇ ಉಪಾಯ, ನಿಮಗೂ ಅವರಿಗೂ ನಂಬಿಕೆಯಿರುವ, ನಿಮ್ಮ ತಂಡದವರಲ್ಲದ ಒಬ್ಬರು ಉತ್ತರಗಳನ್ನು ಪಡೆದು, ಒಂದೇ ಭಾಷೆಗೆ ತಂದು, ಅನುಕ್ರಮ ಕಲಸಿ ನಿಮಗೆ ಕೊಡುವುದು. ಶಾಪ್ ಫ್ಲೋರ್‌ನಲ್ಲಾದರೆ ಫಾರ್ಮ್ ಬಿಡಿ. ಆ ಮೂರನೆಯವರೇ ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ ಕೂತು ಕೇಳಿ ಬರೆದುಕೊಳ್ಳುವುದು ಎಷ್ಟೋ ಮೇಲು. ಗಡುವು ಹತ್ತು ದಿನ. ತಿಂಗಳ ಕೊನೆಯ ಡಿಸ್‌ಪ್ಯಾಚ್ ಗಡಿಬಿಡಿಯಲ್ಲಿ ಬೇಡ, ಅಪ್ರೈಸಲ್ ನಡೆಯುವ ಮಾರ್ಚ್-ಏಪ್ರಿಲ್‌ನಲ್ಲಿ ಅಂತೂ ಬೇಡವೇ ಬೇಡ.

ಇನ್ನು ಓದುವುದು. ನಮ್ಮ ಕಡೆಯ ಕಷ್ಟವೆಲ್ಲ ಇಲ್ಲಿದೆ, ಏಕೆಂದರೆ ನಾವು ದೂರನ್ನು ಹೊಗಳಿಕೆಯ ಕವರಿನಲ್ಲಿ ಹಾಕಿ ಕೊಡುವ ಜನ. 'ಅವರು ಯಾವಾಗಲೂ ತುಂಬಾ ಬ್ಯುಸಿ, ಪಾಪ' ಎಂದರೆ ಕೈಗೆ ಸಿಗುವುದಿಲ್ಲ ಎಂದಿರಬಹುದು. 'ಪ್ರತಿಯೊಂದನ್ನೂ ಅವರೇ ಮುಂದೆ ನಿಂತು ನೋಡ್ಕೋತಾರೆ' ಎಂದರೆ ನಮಗೆ ಏನೂ ಬಿಟ್ಟುಕೊಡುವುದಿಲ್ಲ ಎಂದು. 'ಮನಸ್ಸಿನಲ್ಲಿ ಏನೂ ಇಟ್ಕೊಳ್ಳಲ್ಲ, ನೇರವಾಗಿ ಹೇಳಿಬಿಡ್ತಾರೆ' ಎಂಬುದನ್ನು ಎಲ್ಲರೆದುರು ಬೈಯುತ್ತಾರೆ ಎಂದು ಓದಬೇಕಾದೀತು. 'ತುಂಬಾ ಒಳ್ಳೆಯವರು' ಎಂಬುದರ ಹಿಂದೆ ಕೆಲಸ ಮಾಡದವರನ್ನೂ ಏನೂ ಅನ್ನುವುದಿಲ್ಲ ಎಂಬ ಅಸಮಾಧಾನ ಇರುವುದು ಅಪರೂಪವಲ್ಲ. ಎಲ್ಲ ಹೊಗಳಿಕೆಯನ್ನೂ ಹೀಗೆ ತಿರುಗಿಸಿ ನೋಡುವುದು ಇನ್ನೊಂದು ಅತಿ. ಜೊತೆಗೆ ಒಂದು ಘಟನೆ ಬರೆದಿದ್ದರೆ ಹೊಗಳಿಕೆ ನಿಜವಾದದ್ದೇ. ಘಟನೆಯಿಲ್ಲದ, 'ಯಾವಾಗಲೂ', 'ತುಂಬಾ', 'ಎಲ್ಲದಕ್ಕೂ' ಇರುವ ವಾಕ್ಯಗಳನ್ನು ಮಾತ್ರ ಪಕ್ಕಕ್ಕಿಟ್ಟು, ಒಂದು ಉದಾಹರಣೆ ಕೊಡಲು ಸಾಧ್ಯವೇ ಎಂದು ಆ ಮೂರನೆಯವರ ಮೂಲಕ ಕೇಳಿಸಿ.

ಉತ್ತರ ಸಿಕ್ಕ ದಿನ ಒಂದು ಸಲ ಓದಿ ಇಟ್ಟುಬಿಡಿ, ಯಾರೊಡನೆಯೂ ಮಾತು ಬೇಡ. ಮರುದಿನ ಒಂದೊಂದು ಮಾತನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿ. ಒಂದೇ ನಡೆಯ ಬಗ್ಗೆ ಮೂವರು ಅಥವಾ ಹೆಚ್ಚು ಜನ ಹೇಳಿದ್ದು ಒಂದು ಕಡೆ, ಇಬ್ಬರು ಹೇಳಿದ್ದು ಇನ್ನೊಂದು ಕಡೆ, ಒಬ್ಬರದು ಮತ್ತೊಂದು ಕಡೆ. ಒಬ್ಬರೇ ಹೇಳಿದ್ದು ಹಣ, ಸುರಕ್ಷತೆ ಅಥವಾ ಯಾರದಾದರೂ ಘನತೆಗೆ ಸಂಬಂಧಿಸಿದ್ದರೆ ಅದನ್ನು ಎಣಿಕೆಯ ಮೇಲೆ ತಳ್ಳಿಹಾಕುವಂತಿಲ್ಲ. ಅಂಕಗಳನ್ನೂ ಕೇಳಿದ್ದರೆ ಸರಾಸರಿ ತೆಗೆಯಬೇಡಿ. 2, 2, 5, 5ರ ಸರಾಸರಿಯೂ 3.5; 3, 4, 3, 4ರ ಸರಾಸರಿಯೂ 3.5. ಮೊದಲನೆಯದರಲ್ಲಿ ಇಬ್ಬರಿಗೆ ನೀವು ಒಂದು ಥರ, ಇನ್ನಿಬ್ಬರಿಗೆ ಇನ್ನೊಂದು ಥರ. ಸಮಾನರು ಒಂದು ಬಗೆಯಲ್ಲಿ, ಕೈಕೆಳಗಿನವರು ಇನ್ನೊಂದು ಬಗೆಯಲ್ಲಿ ಹೇಳಿದ್ದರೆ ತಿಳಿಯಬೇಕಾದ ವಿಷಯ ಆ ಅಂತರದಲ್ಲೇ ಇದೆ.

ಈಗ ಮಡಚಿಟ್ಟ ಹಾಳೆ ತೆಗೆಯಿರಿ. 1955ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ರೂಪಿಸಿದ ಜೋಹರಿ ಕಿಟಕಿಯ ನಾಲ್ಕು ಮನೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ: ನಿಮಗೂ ಅವರಿಗೂ ಗೊತ್ತಿರುವುದು, ಅವರಿಗೆ ಮಾತ್ರ ಕಾಣುವುದು, ನಿಮಗೆ ಮಾತ್ರ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು. ಎರಡನೆಯ ಮನೆಯ ಕಡೆಗೇ ಎಲ್ಲರ ಕಣ್ಣು. ನನ್ನ ಮಟ್ಟಿಗೆ ಮೂರನೆಯದಕ್ಕೂ ಅಷ್ಟೇ ಗಮನ ಬೇಕು. ನೀವು ಶಕ್ತಿ ಎಂದು ಬರೆದುಕೊಂಡ ಒಂದು ನಡೆ ಯಾರ ಚೀಟಿಯಲ್ಲೂ ಇಲ್ಲವೆಂದರೆ, ಒಂದೋ ಅದನ್ನು ನೀವು ಮಾಡುತ್ತಿಲ್ಲ, ಇಲ್ಲವೇ ಮಾಡುತ್ತಿರುವುದು ಯಾರಿಗೂ ತಿಳಿಯುತ್ತಿಲ್ಲ.

ನಮ್ಮ ಸೂಪರ್‌ವೈಸರ್ ತನ್ನ ಹಾಳೆಯಲ್ಲಿ ಮೊದಲ ಶಕ್ತಿಯಾಗಿ ಬರೆದದ್ದು ಹೀಗಿರಬಹುದು: 'ತೊಂದರೆ ಬಂದ ಕೂಡಲೇ ನಾನೇ ಮೆಷಿನ್ ಹತ್ತಿರ ಹೋಗಿ ಸರಿ ಮಾಡುತ್ತೇನೆ.' ಚೀಟಿಗಳು ಹೇಳುವುದು ಇದು. ಕ್ವಾಲಿಟಿಯವರು: 'ಸಮಸ್ಯೆ ಬೇಗ ಮುಗಿಯುತ್ತದೆ, ಏನು ಮಾಡಿದರು ಎಂಬುದು ನಮಗೆ ತಿಳಿಯುವುದಿಲ್ಲ.' ಸೆಕೆಂಡ್ ಶಿಫ್ಟ್‌ನವರು: 'ಸವೆದ ಇನ್ಸರ್ಟ್‌ಗೆ (ಲೋಹ ಕತ್ತರಿಸುವ ತುದಿಗೆ) ಹೊಂದಿಸಲು ಆಫ್‌ಸೆಟ್ (ಮೆಷಿನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಬದಲಿಸಿದ್ದು ಲಾಗ್‌ಬುಕ್‌ನಲ್ಲಿ ಇರಲಿಲ್ಲ. ನಾವು ಹೊಸ ಇನ್ಸರ್ಟ್ ಹಾಕಿದೆವು, ಅಳತೆ ತಪ್ಪಿ ಪೀಸ್‌ಗಳು ರಿಜೆಕ್ಟ್ ಆದವು.' ಒಬ್ಬ ಆಪರೇಟರ್: 'ನಾನು ಕೈಹಾಕುವ ಮೊದಲೇ ಅವರೇ ಮಾಡಿಬಿಡ್ತಾರೆ.' ಮೂರೂ ಒಂದೇ ನಡೆಯ ಬಗ್ಗೆ. ಶಕ್ತಿಯ ಪಟ್ಟಿಯಲ್ಲಿರುವುದೂ ಅದೇ, ದೌರ್ಬಲ್ಯದ ಪಟ್ಟಿಗೆ ಬರಬೇಕಾದ್ದೂ ಅದೇ. ಬಿಡಿಸಿ ನೋಡಬೇಕಾದ್ದು ಎಲ್ಲಿ ಅದು ಉಪಕಾರ, ಎಲ್ಲಿ ಅದು ಬೇರೆಯವರಿಗೆ ಹೊರೆ ಎಂಬುದನ್ನು. ಲೈನ್ ನಿಂತಾಗ ತಾನೇ ನುಗ್ಗುವುದು ಸರಿ. ಬರೆದಿಡದೆ ಮನೆಗೆ ಹೋಗುವುದು ಸರಿಯಲ್ಲ. ಇದನ್ನು ಬಿಟ್ಟು 'ನಾನು ಇನ್ನಷ್ಟು ತಾಳ್ಮೆ ಕಲಿಯಬೇಕು' ಎಂದು ತೀರ್ಮಾನಿಸಿದರೆ ಕಸರತ್ತೆಲ್ಲ ವ್ಯರ್ಥ.

ಬದಲಾಯಿಸಲು ಒಂದನ್ನೇ ಆರಿಸಿ. ಮೂರು ಹಿಡಿದವರು ಮೂರನ್ನೂ ಎರಡನೇ ವಾರಕ್ಕೆ ಬಿಡುತ್ತಾರೆ. ಗಡಿಯಾರ ಅಥವಾ ಪುಸ್ತಕ ನೋಡಿ ಯಾರಾದರೂ ಪರಿಶೀಲಿಸಬಹುದಾದ ಮಾತಿನಲ್ಲಿ ಅದನ್ನು ಬರೆಯಿರಿ: '1.45ಕ್ಕೆ ಮೆಷಿನ್ ಬಿಟ್ಟು ಬಂದು, 2 ಗಂಟೆಯೊಳಗೆ ಆಫ್‌ಸೆಟ್, ಇನ್ಸರ್ಟ್, ಬಾಕಿ ತೊಂದರೆ ಈ ಮೂರನ್ನೂ ಲಾಗ್‌ಬುಕ್‌ನಲ್ಲಿ ಬರೆದು, ಮುಂದಿನ ಶಿಫ್ಟ್‌ನವರ ಸಹಿ ಪಡೆದು ಚಾರ್ಜ್ ಕೊಡುತ್ತೇನೆ.' ಆಫೀಸಿನಲ್ಲಿರುವವರಿಗೆ ಅದು 'ಮೀಟಿಂಗ್‌ನಲ್ಲಿ ಮೂವರು ಮಾತಾಡಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ' ಎಂದಾಗಬಹುದು.

ಆಮೇಲೆ ಉತ್ತರ ಕೊಟ್ಟವರ ಬಳಿಗೆ ಮರಳಿ ಹೋಗುವುದು. ಹೆಚ್ಚಿನವರು ಕೈಬಿಡುವುದು ಇದನ್ನೇ. 1999ರಲ್ಲಿ ವಾಕರ್ ಮತ್ತು ಸ್ಮಿದರ್ ಪ್ರಕಟಿಸಿದ ಅಧ್ಯಯನ 252 ಮ್ಯಾನೇಜರುಗಳನ್ನು ಐದು ವರ್ಷ ಗಮನಿಸಿತ್ತು. ತಮಗೆ ಬಂದ ಫೀಡ್‌ಬ್ಯಾಕ್ ಬಗ್ಗೆ ಕೈಕೆಳಗಿನವರ ಜೊತೆ ಕೂತು ಮಾತಾಡಿದವರು ಹಾಗೆ ಮಾಡದವರಿಗಿಂತ ಹೆಚ್ಚು ಸುಧಾರಿಸಿದ್ದರು. ಒಂದು ವಾರದೊಳಗೆ, ಹತ್ತು ನಿಮಿಷದ ಮಾತು ಸಾಕು: ನಾನು ಕೇಳಿಸಿಕೊಂಡದ್ದು ಈ ಎರಡು, ಬದಲಾಯಿಸುವುದು ಈ ಒಂದು, ಸದ್ಯಕ್ಕೆ ಬದಲಾಯಿಸಲಾಗದ್ದು ಇದು, ಕಾರಣ ಇದು. ವಿವರಣೆ ಉದ್ದವಾದರೆ ಸಮರ್ಥನೆ ಆಗುತ್ತದೆ. 'ಅವತ್ತು ನಿಜವಾಗಿ ಆಗಿದ್ದೇನಂದ್ರೆ...' ಎಂದು ನೀವು ಶುರುಮಾಡಿದಿರೋ, ಮುಂದಿನ ಸಲ ಎಲ್ಲರೂ 'ಚೆನ್ನಾಗಿದೆ ಸರ್'ಗೆ ವಾಪಸ್. ಇದನ್ನು ಬರೆದವರು ಯಾರಿರಬಹುದು ಎಂದು ಒಬ್ಬರನ್ನಾದರೂ ಕೇಳಿದಿರೋ, ಮುಂದಿನ ಸಲ ಎಂಬುದೇ ಇರುವುದಿಲ್ಲ.

ಸಂಸ್ಥೆಗಳು ಮಾಡುವ ದೊಡ್ಡ ತಪ್ಪು ಬೇರೆ: ಕಲಿಯಲೆಂದು ಪಡೆದದ್ದನ್ನು ಬಡ್ತಿಗೂ ಇನ್‌ಕ್ರಿಮೆಂಟ್‌ಗೂ ಬಳಸುವುದು. ಹಾಗೆಂದು ಗೊತ್ತಾದ ದಿನದಿಂದ ಸ್ನೇಹಿತರು ಐದಕ್ಕೆ ಐದು ಹಾಕುತ್ತಾರೆ, ಆಗದವರು ಸೇಡು ತೀರಿಸಿಕೊಳ್ಳುತ್ತಾರೆ. ಕೇಂದ್ರ ಸರ್ಕಾರ ಹಿರಿಯ ಹುದ್ದೆಗಳ ಅರ್ಹರ ಪಟ್ಟಿಗೆ ಅಧಿಕಾರಿಗಳನ್ನು ಆರಿಸುವಾಗ ಹಲವರ ಅಭಿಪ್ರಾಯ ಪಡೆಯುವ ಪದ್ಧತಿ ತಂದ ಮೇಲೆ, 2017ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಅದು ಪಾರದರ್ಶಕವಾಗಿಲ್ಲ, ವ್ಯಕ್ತಿನಿಷ್ಠವಾಗಿದೆ ಎಂದು ಆಕ್ಷೇಪಿಸಿತ್ತು. ನೀವು ಸ್ವಂತ ಆಸಕ್ತಿಯಿಂದ ಪಡೆದ ಉತ್ತರಗಳನ್ನು ಎಚ್‌ಆರ್‌ಗೆ ಕಳಿಸುವ ಅಗತ್ಯವಿಲ್ಲ. ಕಳಿಸುವುದಿಲ್ಲ ಎಂದು ಕೇಳುವಾಗಲೇ ಹೇಳಿಬಿಡಿ.

ಎರಡನೇ ಸುತ್ತು ಮೂರು ತಿಂಗಳ ನಂತರ. ಇಡೀ ಪ್ರಶ್ನಾವಳಿ ಮತ್ತೆ ಹಂಚಬೇಕಿಲ್ಲ. ಆ ನಡೆಯನ್ನು ದಿನಾ ಕಾಣುವ ಇಬ್ಬರು ಮೂವರನ್ನು ಕೇಳಿದರೆ ಸಾಕು, ಈ ಸಲ ನೇರವಾಗಿಯೇ. 'ನಾನು ಸುಧಾರಿಸಿದ್ದೇನಾ?' ಎಂದು ಕೇಳಿದರೆ ಹೌದು ಎನ್ನುವುದು ಬಿಟ್ಟು ಅವರಿಗೆ ಬೇರೆ ದಾರಿಯಿಲ್ಲ. ಸೆಕೆಂಡ್ ಶಿಫ್ಟ್‌ನವರನ್ನು ಕೇಳಬೇಕಾದ್ದು, ಹೋದ ವಾರದ ಆರು ದಿನಗಳಲ್ಲಿ ಎಷ್ಟು ದಿನ 2 ಗಂಟೆಯೊಳಗೆ ಲಾಗ್‌ಬುಕ್ ಪೂರ್ತಿ ಬರೆದಿತ್ತು ಎಂದು. ನಾಲ್ಕು ಎಂದರೆ, ಉಳಿದ ಎರಡು ದಿನ ಮೆಷಿನ್ ಮುಂದೆ ಏನು ನಡೆದಿತ್ತು ಎಂಬಲ್ಲಿಂದ ಮಾತು ಮುಂದುವರಿಸಬಹುದು.