ಒತ್ತಿದಾಗ ಸೊನ್ನೆ: ಹಳೆ ಕಂಟ್ರೋಲರ್‌ನಿಂದ ಆರ್ಕೇಡ್ ಜಾಯ್‌ಸ್ಟಿಕ್

ಮೂಲೆಗೆ ಬಿದ್ದ ಗೇಮ್ ಕಂಟ್ರೋಲರ್ ಇದ್ದರೆ ಎಸೆಯಬೇಡಿ. ರಬ್ಬರ್ ಸವೆದಿರಬಹುದು, ಪ್ಲಾಸ್ಟಿಕ್ ಒಡೆದಿರಬಹುದು. ಒಳಗಿನ ಬೋರ್ಡ್ ಚೆನ್ನಾಗಿದ್ದರೆ ಸಾಕು, ಅದರಿಂದ ವಿಡಿಯೋ ಗೇಮ್ ಪಾರ್ಲರ್‌ನಲ್ಲಿ ಇರುತ್ತಿತ್ತಲ್ಲ, ಅಂಥ ದೊಡ್ಡ ಬಟನ್‌ಗಳ ಗಟ್ಟಿ ಜಾಯ್‌ಸ್ಟಿಕ್ ಮಾಡಬಹುದು. ವೈರ್ ಇರುವ ಯುಎಸ್‌ಬಿ ಕಂಟ್ರೋಲರ್ ಆದರೆ ಇನ್ನೂ ಒಳ್ಳೆಯದು.

ಹೀಗೆಂದರೆ ಎಲ್ಲರೂ ಕೇಳುವುದು ಒಂದೇ: "ಬೇರೆ ಬಟನ್ ಹಾಕಿದರೆ ಚಿಪ್ ಒಪ್ಪಿಕೊಳ್ಳುತ್ತಾ?" ಚಿಪ್‌ಗೆ ಬಟನ್ ಅಂದರೆ ಏನು ಅಂತಲೇ ಗೊತ್ತಿಲ್ಲ! ಕಂಟ್ರೋಲರ್ ಬಿಚ್ಚಿ ರಬ್ಬರ್ ಹಾಳೆ ಎತ್ತಿ ನೋಡಿ. ಪ್ರತಿ ಬಟನ್ ಕೆಳಗೆ, ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದ ಹಾಗೆ ಎರಡು ಗೆರೆಗಳಿರುತ್ತವೆ, ಆದರೆ ಒಂದಕ್ಕೊಂದು ತಾಗಿರುವುದಿಲ್ಲ. ರಬ್ಬರ್ ತಳದಲ್ಲಿ ಕರಿ ಇಂಗಾಲದ ಬಿಲ್ಲೆ ಇದೆ. ಒತ್ತಿದಾಗ ಅದು ಎರಡನ್ನೂ ಸೇರಿಸುತ್ತದೆ, ಅಷ್ಟೆ. ಒಂದು ತುಂಡು ವೈರ್ ಇಟ್ಟು ಸೇರಿಸಿದರೂ ಆಟದ ಮನುಷ್ಯ ಹಾರುತ್ತಾನೆ.

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಬಟನ್ ಒತ್ತಿದರೆ ಚಿಪ್‌ಗೆ ಕರೆಂಟ್ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ಮನೆಯ ಲೈಟ್ ಸ್ವಿಚ್ ನೋಡಿ ಹಾಗೆ ಅನಿಸುವುದು ಸಹಜ. ಆದರೆ ಸಾಮಾನ್ಯವಾಗಿ ಇಲ್ಲಿ ನಡೆಯುವುದು ಉಲ್ಟಾ. ಬಟನ್ ಮುಟ್ಟದೇ ಇರುವಾಗಲೇ ಚಿಪ್‌ನ ಕಾಲಿನಲ್ಲಿ, ಅಂದರೆ ಅದರ ಲೋಹದ ಪಿನ್‌ನಲ್ಲಿ, ವೋಲ್ಟೇಜ್ ಇರುತ್ತದೆ. ಒತ್ತಿದಾಗ ಆ ಕಾಲು ಬೋರ್ಡ್‌ನ ಸೊನ್ನೆ ಗೆರೆಗೆ, ಅಂದರೆ ಗ್ರೌಂಡ್‌ಗೆ ಸೇರಿ, ವೋಲ್ಟೇಜ್ ಸೊನ್ನೆಗೆ ಬೀಳುತ್ತದೆ. ಆ ಬೀಳುವಿಕೆಯೇ ಸಂದೇಶ.

ಯಾಕೆ ಹೀಗೆ? ಎಲ್ಲಿಗೂ ಕಟ್ಟದೆ ಬಿಟ್ಟ ಕಾಲು ಸೂತ್ರ ಹರಿದ ಗಾಳಿಪಟದ ಹಾಗೆ. ಪಕ್ಕದಲ್ಲಿ ಮನೆಯ ವೈರಿಂಗ್ ಇದ್ದರೆ ಅದರ ಗದ್ದಲವನ್ನೂ ಹಿಡಿದುಕೊಂಡು ಮೇಲೆ ಕೆಳಗೆ ಕುಣಿಯುತ್ತದೆ. ಅದಕ್ಕೇ ಒಂದು ರೆಸಿಸ್ಟರ್, ಅಂದರೆ ಕರೆಂಟ್‌ಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗದ ಮೂಲಕ ಅದನ್ನು ಮೇಲಕ್ಕೆ ಎಳೆದು ಕಟ್ಟಿರುತ್ತಾರೆ. ಪುಲ್-ಅಪ್ ಅನ್ನುವುದು ಇದನ್ನೇ. ಹಳ್ಳಿ ಮನೆಯ ಗೇಟಿಗೆ ಹಳೆ ಸೈಕಲ್ ಟ್ಯೂಬ್ ಸೀಳಿ ಕಟ್ಟಿರುವುದನ್ನು ನೋಡಿದ್ದೀರಿ, ಅಲ್ವಾ? ಗೇಟ್ ಗಾಳಿಗೆ ಬಡಿದುಕೊಳ್ಳುವುದಿಲ್ಲ, ಯಾರಾದರೂ ತಳ್ಳಿದರೆ ಸುಲಭವಾಗಿ ತೆರೆಯುತ್ತದೆ, ಬಿಟ್ಟರೆ ತಾನೇ ಮುಚ್ಚುತ್ತದೆ. ರೆಸಿಸ್ಟರ್ ಆ ಟ್ಯೂಬ್. ತಳ್ಳುವ ಕೈ ನಿಮ್ಮ ಬಟನ್.

ಇನ್ನೊಂದು ರೀತಿ ನೋಡಿ. ಮಹಡಿ ಮೇಲೆ ಟ್ಯಾಂಕ್, ಅಲ್ಲಿಂದ ಕಡ್ಡಿ ಗಾತ್ರದ ಸಣ್ಣ ಪೈಪ್, ಅದರ ತುದಿಗೆ ದೊಡ್ಡ ನಲ್ಲಿ. ನಲ್ಲಿ ಮುಚ್ಚಿದ್ದಾಗ ಪೈಪಿನ ತುದಿಯಲ್ಲಿ ಪೂರ್ತಿ ಒತ್ತಡ. ತೆರೆದ ಕೂಡಲೇ ಅಲ್ಲಿ ಒತ್ತಡವೇ ಇಲ್ಲ, ಆದರೂ ಟ್ಯಾಂಕ್ ಬರಿದಾಗುವುದಿಲ್ಲ, ಯಾಕಂದರೆ ಸಣ್ಣ ಪೈಪ್ ಜಾಸ್ತಿ ನೀರು ಬಿಡುವುದೇ ಇಲ್ಲ. 3.3 ವೋಲ್ಟ್ ಮತ್ತು 10,000 ಓಮ್ ಅಂತ ಲೆಕ್ಕ ಹಾಕಿದರೆ ಬಟನ್ ಒತ್ತಿದಾಗ ಹರಿಯುವ ಕರೆಂಟ್ 0.33 ಮಿಲಿ ಆಂಪಿಯರ್ ಮಾತ್ರ. ಆದ್ದರಿಂದ ಶಾಕ್ ಹೊಡೆಯುತ್ತೆ ಅನ್ನುವ ಭಯ ಬೇಡ. ಯುಎಸ್‌ಬಿಯಿಂದ ಬರುವುದೇ 5 ವೋಲ್ಟ್. ಬೆಸುಗೆ ಹಾಕುವಾಗ ಮಾತ್ರ ಕೇಬಲ್ ಕಿತ್ತಿಡಿ. ಹಾಗೇ ಇಲ್ಲಿನ ಗ್ರೌಂಡ್ ಅಂದರೆ ಗೋಡೆಯ ಮೂರು ಪಿನ್ ಸಾಕೆಟ್‌ನ ಅರ್ಥ್ ಅಲ್ಲ, ದಯವಿಟ್ಟು ಅದಕ್ಕೆ ಜೋಡಿಸಲು ಹೋಗಬೇಡಿ. ಬೋರ್ಡ್‌ನಲ್ಲಿ ಎಲ್ಲ ಬಟನ್‌ಗಳೂ ಹಂಚಿಕೊಳ್ಳುವ ಸೊನ್ನೆ ಗೆರೆ ಅದು.

1977ರಲ್ಲಿ ಬಂದ, ವಿಡಿಯೋ ಗೇಮ್ ಕಂಪನಿ ಅಟಾರಿಯ ಜಾಯ್‌ಸ್ಟಿಕ್‌ನಲ್ಲೂ ಇದೇ ಉಪಾಯ. ನಾಲ್ಕು ದಿಕ್ಕು, ಒಂದು ಫೈರ್ ಬಟನ್, ಐದಕ್ಕೂ ಒಂದೇ ಗ್ರೌಂಡ್. ನಿಮ್ಮ ಕಂಟ್ರೋಲರ್‌ನಲ್ಲೂ ಹಾಗಿದೆಯಾ ಅಂತ ಮಲ್ಟಿಮೀಟರನ್ನು (ವಿದ್ಯುತ್ ಅಳೆಯುವ ಮೀಟರ್) ಎರಡು ಕಡೆ ಸೇರಿದ್ದರೆ ಬೀಪ್ ಅನ್ನುವ ಮೋಡ್‌ಗೆ ಇಟ್ಟು ನೋಡಿ. ಎಲ್ಲ ಬಟನ್‌ಗಳ ಒಂದು ಬದಿ ಪರಸ್ಪರ ಬೀಪ್ ಅಂದರೆ ಗೆದ್ದಿರಿ, ಗ್ರೌಂಡ್‌ಗೆ ಒಂದೇ ವೈರ್ ಸಾಕು, ಬಟನ್‌ನಿಂದ ಬಟನ್‌ಗೆ ಹಾಯಿಸಿಕೊಂಡು ಹೋಗಬಹುದು. ಇಲ್ಲವಾದರೆ ಪ್ರತಿ ಬಟನ್‌ಗೂ ಎರಡೆರಡು ವೈರ್.

ಬೆಸುಗೆಗೆ ಮೊದಲು ಇಂಗಾಲದ ಕಪ್ಪು ಪದರವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತಾಮ್ರ ಹೊಳೆಯುವಂತೆ ಮಾಡಬೇಕು. ಕೂದಲಿನಂಥ ತೆಳು ವೈರ್ ಸಾಕು. ಬೆಸುಗೆ ಆದ ತಕ್ಷಣ ಮೇಲೆ ಬಿಸಿ ಅಂಟು ಸುರಿಯಿರಿ. ನಾನು ಮೊದಲ ಸಲ ಅಂಟು ಹಾಕಲಿಲ್ಲ. ಬೋರ್ಡ್ ತಿರುಗಿಸುವಾಗ ವೈರ್ ಜಗ್ಗಿ ತಾಮ್ರದ ಗೆರೆಯೇ ಕಿತ್ತು ಬಂತು, ಆ ಬಟನ್ ಹೋಯಿತು. ಹೆಬ್ಬೆರಳಿನಿಂದ ಎಲ್ಲ ಕಡೆ ವಾಲಿಸುವ ಅನಲಾಗ್ ಕಡ್ಡಿಗಳನ್ನು ಕೀಳದೆ ಹಾಗೇ ಬಿಡಿ. ಕಿತ್ತರೆ ಮಧ್ಯ ಎಲ್ಲಿ ಅಂತ ಚಿಪ್‌ಗೆ ತಿಳಿಯದೆ ಆಟದ ಮನುಷ್ಯ ತಾನಾಗಿ ಒಂದು ಕಡೆ ಜಾರುತ್ತಾನೆ.

ಇನ್ನು ಆರ್ಕೇಡ್ ಬಟನ್ ಒತ್ತಿದಾಗ ಬರುವ ಆ "ಟಕ್" ಶಬ್ದ. ಅದು ಮೈಕ್ರೋಸ್ವಿಚ್. 1932ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಫ್ರೀಪೋರ್ಟ್‌ನಲ್ಲಿ, ಬ್ಯಾಟರಿ ಕಂಪನಿಯೊಂದರಲ್ಲಿದ್ದ ಪೀಟರ್ ಮೆಕ್‌ಗಾಲ್ ಇದನ್ನು ಕಂಡುಹಿಡಿದರು. ವಿಡಿಯೋ ಗೇಮ್ ಅನ್ನುವ ಮಾತೇ ಇಲ್ಲದ ಕಾಲ! ಜಾತ್ರೆಯಲ್ಲಿ ಸಿಗುವ ತಗಡಿನ ಟಿಕ್-ಟಿಕ್ ಕಪ್ಪೆ ನೆನಪಿಸಿಕೊಳ್ಳಿ. ಒತ್ತುತ್ತಾ ಹೋದರೆ ಏನೂ ಆಗುವುದಿಲ್ಲ, ಒಂದು ಹಂತಕ್ಕೆ ತಗಡು ತಟ್ಟನೆ ಮಗುಚುತ್ತದೆ. ಒಳಗಿನ ಸ್ಪ್ರಿಂಗ್ ಪಟ್ಟಿಯೂ ಹಾಗೇ. ಎಷ್ಟೇ ನಿಧಾನ ಒತ್ತಿದರೂ ಅದು ಮಗುಚುವುದು ತನ್ನದೇ ವೇಗದಲ್ಲಿ, ಅರ್ಧಂಬರ್ಧ ತಾಗುವ ಮಾತೇ ಇಲ್ಲ.

ಇದರಿಂದ ಆಟ ವೇಗವಾಗುತ್ತದೆ ಅನ್ನುವುದು ಮಾತ್ರ ಸುಮ್ನೆ ಹಬ್ಬಿದ ಮಾತು. ಚಿಪ್ ಅದೇ, ಅದು ಕಂಪ್ಯೂಟರ್‌ಗೆ ಸುದ್ದಿ ಮುಟ್ಟಿಸುವ ವೇಗವೂ ಅದೇ. ಬದಲಾಗುವುದು ನಿಮ್ಮ ಕೈ. ಹೆಬ್ಬೆರಳು ಒಂದೇ ಮಾಡುತ್ತಿದ್ದ ಕೆಲಸ ಮಣಿಕಟ್ಟಿಗೆ, ಎಲ್ಲ ಬೆರಳುಗಳಿಗೆ ಹಂಚಿಹೋಗುತ್ತದೆ. ನನಗೆ ಅದೇ ದೊಡ್ಡ ಲಾಭ.

ಕೋಲಿನ ಬುಡದಲ್ಲಿ ಇಂಥ ನಾಲ್ಕೇ ಸ್ವಿಚ್. ಮೂಲೆಗೆ ತಳ್ಳಿದಾಗ ಎರಡು ಒಟ್ಟಿಗೆ ಒತ್ತಿಕೊಳ್ಳುವುದರಿಂದ ಎಂಟು ದಿಕ್ಕು ಸಿಗುತ್ತದೆ. 1980ರ ಪ್ಯಾಕ್-ಮ್ಯಾನ್ ಆಟಕ್ಕೆ ನಾಲ್ಕೇ ದಿಕ್ಕು ಸಾಕಿತ್ತು. ವೈರ್ ಜೋಡಿಸುವಾಗ ಒಂದು ನೆನಪಿಡಿ. ಕೋಲು ನಡುವೆ ತಿರುಗುವುದು ಏತದ ಹಾಗೆ. ಮೇಲಿನ ತುದಿ ಬಲಕ್ಕೆ ಹೋದರೆ ಕೆಳಗಿನ ತುದಿ ಎಡಕ್ಕೆ ಹೋಗುತ್ತದೆ, ಒತ್ತುವುದು ಎಡಗಡೆಯ ಸ್ವಿಚ್ಚನ್ನು. ಹಾಗಾಗಿ ಬೋರ್ಡ್‌ನ "ಬಲ" ವೈರ್ ಎಡ ಸ್ವಿಚ್ಚಿಗೆ, "ಮೇಲೆ" ವೈರ್ ಕೆಳಗಿನ ಸ್ವಿಚ್ಚಿಗೆ. ಪ್ಲೈವುಡ್ ಪೆಟ್ಟಿಗೆಯ ಸ್ಕ್ರೂ ಬಿಗಿಯುವ ಮೊದಲು ಕಂಪ್ಯೂಟರ್‌ಗೆ ಹಾಕಿ ಎಂಟೂ ದಿಕ್ಕು ಒಮ್ಮೆ ನೋಡಿಬಿಡಿ.